ಕೊಶರಿ: ಬೇರೆಬೇರೆ ಬೆಂದು ಒಂದೇ ತಟ್ಟೆಗೆ

ಕೊಶರಿ ಈಜಿಪ್ಟಿನ ಜನಸಾಮಾನ್ಯರ ಊಟ. ಅನ್ನ, ಇಡೀ ಮಸೂರು, ಮ್ಯಾಕರೋನಿ, ಸಣ್ಣ ಶಾವಿಗೆ, ಕಾಬೂಲಿ ಕಡಲೆ, ಇಷ್ಟು ಅದರ ಮೈ. ಇವುಗಳ ಮೇಲೆ ಹುಳಿಖಾರದ ಟೊಮೇಟೊ ಗೊಜ್ಜು ಸುರಿದು, ಗರಿಗರಿಯಾಗಿ ಕರಿದ ಈರುಳ್ಳಿ ಉದುರಿಸಿದರೆ ಒಂದು ತಟ್ಟೆ ಕೊಶರಿ ಸಿದ್ಧ. ಪಕ್ಕದಲ್ಲಿ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದರಲ್ಲಿ ಬೆಳ್ಳುಳ್ಳಿ, ವಿನೆಗರ್, ಜೀರಿಗೆಯ ತಿಳಿ, ಅದು ದಕ್ಕಾ. ಇನ್ನೊಂದರಲ್ಲಿ ಒಣಮೆಣಸಿನಕಾಯಿಯ ಎಣ್ಣೆಖಾರ, ಅದು ಶತ್ತಾ. ಮಾಂಸ, ಮೊಟ್ಟೆ ಇದರಲ್ಲಿಲ್ಲ. ಹಾಲು, ಮೊಸರು, ತುಪ್ಪವೂ ಬೇಕಾಗಿಲ್ಲ. ಅಕ್ಕಿ ಸೇರಿದಂತೆ ಮೂರು ಬಗೆಯ ಹಿಟ್ಟಿನಂಶ ಒಂದೇ ತಟ್ಟೆಯಲ್ಲಿ ಕೂತಿರುವುದನ್ನು ಕಂಡು ಮೊದಲ ಸಲ ನೋಡುವವರು ಹುಬ್ಬೇರಿಸುವುದುಂಟು. ಆದರೆ ಚಿತ್ರಾನ್ನದ ಜೊತೆ ಆಲೂಗಡ್ಡೆ ಬೋಂಡ ತಿನ್ನುವ ನಾಡಿಗೆ ಅದು ದೊಡ್ಡ ಆಶ್ಚರ್ಯವಾಗಬೇಕಾಗಿಲ್ಲ.

ಕೈರೋದಲ್ಲಿ ಕೊಶರಿ ಬೀದಿಯ ಆಹಾರ. ತಳ್ಳುಗಾಡಿಗಳಲ್ಲಿ ಮಾರುತ್ತಿದ್ದದ್ದು ಕ್ರಮೇಣ ಅಂಗಡಿಗಳಿಗೆ ಏರಿತು. ಗಾಡಿಯಿಂದ ಆರಂಭವಾಗಿ ಹಲವು ಮಹಡಿಗಳ ಹೋಟೆಲಾಗಿ ಬೆಳೆದ ಅಬು ತಾರಿಕ್ ಇಂದು ಪ್ರವಾಸಿಗರೂ ಹುಡುಕಿಕೊಂಡು ಹೋಗುವ ಜಾಗ. ಬಡಿಸುವವನ ಮುಂದೆ ಒಂದೊಂದು ಪದಾರ್ಥಕ್ಕೆ ಒಂದೊಂದು ಪಾತ್ರೆ. ಅವನು ಸೌಟನ್ನು ಪಾತ್ರೆಯ ಅಂಚಿಗೆ ಲಯವಾಗಿ ಬಡಿಯುತ್ತಾ ಕ್ಷಣಮಾತ್ರದಲ್ಲಿ ಬಟ್ಟಲು ತುಂಬುತ್ತಾನೆ. ವಿದ್ಯಾರ್ಥಿಗಳು, ಕೂಲಿಕಾರರು, ಕಚೇರಿ ಗುಮಾಸ್ತರು ಎಲ್ಲರೂ ತಿನ್ನುತ್ತಾರೆ. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಉಪವಾಸದ ನೇಮ ಹಿಡಿದು ಪ್ರಾಣಿಮೂಲದ ಆಹಾರ ಬಿಡುತ್ತಾರೆ. ಆ ದಿನಗಳಿಗೆ ಕೊಶರಿ ಹೇಳಿಮಾಡಿಸಿದ ಊಟ. 2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ ಯುನೆಸ್ಕೊ ಸಮಿತಿ ಕೊಶರಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಭೆಯಲ್ಲಿ ನಮ್ಮ ದೀಪಾವಳಿಯೂ ಆ ಪಟ್ಟಿಗೆ ಸೇರಿತು.

ಈ ಊಟದ ಹುಟ್ಟಿನಲ್ಲಿ ಭಾರತದ ಪಾಲಿದೆ ಎಂಬುದು ಆಹಾರದ ಚರಿತ್ರೆ ಬರೆಯುವವರಲ್ಲಿ ಹಲವರ ಮತ. ಅಕ್ಕಿ ಮತ್ತು ಬೇಳೆ ಕೂಡಿಸಿ ಬೇಯಿಸುವ ಖಿಚಡಿಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಗಮನಿಸಿದ್ದ. ಹೆಸರುಕಾಳನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪ ಹಾಕಿಕೊಂಡು ಜನ ಬೆಳಗಿನ ಹೊತ್ತು ತಿನ್ನುತ್ತಾರೆಂದು ಅವನು ದಾಖಲಿಸಿದ್ದಾನೆ. ಕರ್ನಾಟಕದ ಮಟ್ಟಿಗೆ ಇನ್ನೂ ಸ್ವಾರಸ್ಯದ ಸಾಕ್ಷಿ ಬೀದರಿನದು. 1470ರ ಸುಮಾರಿಗೆ ಬಹಮನಿಗಳ ರಾಜಧಾನಿಯಾಗಿದ್ದ ಬೀದರಿನಲ್ಲಿ ತಂಗಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್, ಇಲ್ಲಿ ಕುದುರೆಗಳಿಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಮತ್ತು ಎಣ್ಣೆ ಸೇರಿಸಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬರೆದ. ಅವನೇ ಒಂದು ಕುದುರೆ ಮಾರಲೆಂದು ಅಷ್ಟು ದೂರ ಬಂದವನಾದ್ದರಿಂದ ಕುದುರೆಯ ಊಟ ಅವನ ಕಣ್ಣಿಗೆ ಬಿದ್ದದ್ದು ಸಹಜ. ಇಂದಿಗೂ ಬೀದರ್, ಕಲಬುರಗಿಯ ಮುಸ್ಲಿಂ ಮನೆಗಳಲ್ಲಿ ಬೆಳಗಿನ ಖಿಚಡಿಯ ಜೊತೆ ಹುಣಸೆ ಮತ್ತು ಎಳ್ಳಿನ ಖಟ್ಟಾ ಇರುತ್ತದೆ. ಮಸೂರು ಬೇಳೆ, ಅಕ್ಕಿ, ಕರಿದ ಈರುಳ್ಳಿ, ಪಕ್ಕದಲ್ಲೊಂದು ಹುಳಿ ತಿಳಿ: ಕರ್ನಾಟಕದಲ್ಲಿ ಕೊಶರಿಗೆ ಅತಿ ಹತ್ತಿರದ ನೆಂಟ ಇದೇ.

ಖಿಚಡಿ ನೈಲ್ ನದಿಯ ದಡಕ್ಕೆ ಹೋದದ್ದು ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ ಭಾರತೀಯ ಸೈನಿಕರ ಮೂಲಕ ಎಂಬ ಕತೆ ಪ್ರಚಾರದಲ್ಲಿದೆ. ಆ ಸೈನಿಕರಲ್ಲಿ ನಮ್ಮವರೂ ಇದ್ದರು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿನಲ್ಲಿ ನೆಲೆಸಿ ಸುಯೆಜ್ ಕಾಲುವೆಯ ಕಾವಲಿನಲ್ಲಿ ಪಾಲ್ಗೊಂಡಿತು. ಮುಂದೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ಆದರೆ ಕೊಶರಿಯ ಕೀರ್ತಿಯನ್ನು ಸೈನ್ಯಕ್ಕೆ ಒಪ್ಪಿಸಲು ಒಂದು ತೊಡಕಿದೆ. 1853ರಲ್ಲೇ ಸುಯೆಜ್ ಮೂಲಕ ಮೆಕ್ಕಾ ಕಡೆಗೆ ಹೊರಟಿದ್ದ ಇಂಗ್ಲಿಷ್ ಪ್ರವಾಸಿ ರಿಚರ್ಡ್ ಬರ್ಟನ್, ಆ ಬಂದರಿನ ಜನ ಬೆಳಗ್ಗೆ ಅಕ್ಕಿ, ಮಸೂರು, ಈರುಳ್ಳಿ, ಬೆಣ್ಣೆಯ ಅಡುಗೆಯೊಂದನ್ನು ಉಣ್ಣುವುದನ್ನು ಕೊಶರಿ ಎಂಬ ಹೆಸರಿನಿಂದಲೇ ಗುರುತಿಸಿದ್ದ. ಆಗಿನ್ನೂ ಕಾಲುವೆಯನ್ನೇ ತೋಡಿರಲಿಲ್ಲ. ಹಾಗಾಗಿ ಖಿಚಡಿಯನ್ನು ಒಯ್ದವರು ಸೈನಿಕರಿಗಿಂತ ಮೊದಲೇ ಕೆಂಪು ಸಮುದ್ರದ ದಾರಿ ಹಿಡಿದ ವರ್ತಕರು, ಹಜ್ ಯಾತ್ರಿಕರು, ಹಡಗಿನ ಆಳುಗಳು ಎಂದು ಊಹಿಸುವುದೇ ಹೆಚ್ಚು ಸಮಂಜಸ. ಅಕ್ಕಿ–ಮಸೂರಿನ ಜೋಡಿ ಅರಬ್ ನಾಡಿಗೂ ಹೊಸತಲ್ಲ. ಮುಜದ್ದರ ಎಂಬ ಅಂಥದೇ ಅಡುಗೆ 1226ರ ಬಾಗ್ದಾದಿನ ಪಾಕಶಾಸ್ತ್ರ ಗ್ರಂಥದಲ್ಲಿದೆ. ಇದರ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ, ಕೈರೋಗಳಲ್ಲಿ ನೆಲೆಸಿದ ಇಟಲಿಯವರ ಮ್ಯಾಕರೋನಿಯೂ ಅಮೆರಿಕ ಖಂಡದಿಂದ ಹೊರಟು ಬಂದ ಟೊಮೇಟೊವೂ ಸೇರಿ ಇಂದಿನ ಕೊಶರಿ ರೂಪುಗೊಂಡಿತು.

ಈಜಿಪ್ಟಿನ ಈ ಊಟ ನಮ್ಮ ಅಡುಗೆಮನೆಗೂ ಒಗ್ಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಇಂಥ ಅಡುಗೆಗೆ ಜಾಗ ಸಿಗುವುದಕ್ಕೆ ಅಲ್ಲಿನ ಬದುಕಿನ ರೀತಿಯೇ ಕಾರಣ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ವಸತಿಯಾಗಿ ಆರಂಭವಾಗಿ ಒಂದು ಶತಮಾನ ಹಳ್ಳಿಯಾಗಿಯೇ ಉಳಿದು, 1990ರ ದಶಕದ ಕೊನೆಗೆ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕ್ ಬಂದ ಮೇಲೆ ಊರಾಯಿತು. ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ ಕಟ್ಟಿತು. ಪೀಣ್ಯದಲ್ಲಿ ದಶಕಗಳಿಂದ ಲೇತು, ಪ್ರೆಸ್ಸು, ಫೌಂಡ್ರಿಗಳ ಸದ್ದು. ಮೂರೂ ಕಡೆ ಜನ ಹೊತ್ತು ನೋಡಿ ಉಣ್ಣುವುದಿಲ್ಲ. ಪಾಳಿ ನೋಡಿ ಉಣ್ಣುತ್ತಾರೆ. ಕಾರ್ಖಾನೆಯ ಮೊದಲ ಪಾಳಿಗೆ ಹೋಗುವವರು ನಸುಕಿನಲ್ಲೇ ಡಬ್ಬಿ ಕಟ್ಟಬೇಕು. ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುವವರಿಗೆ ನಡುರಾತ್ರಿ ಹಸಿವಾಗುತ್ತದೆ. ಒಂದೇ ಮನೆಯನ್ನು ಹಂಚಿಕೊಂಡಿರುವ ರಾಯಚೂರಿನ, ಹಾಸನದ, ಒಡಿಶಾದ ಹುಡುಗರ ನಾಲಿಗೆ ಒಂದೇ ಖಾರಕ್ಕೆ ಒಪ್ಪುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿ ಉಣ್ಣುವ ಅಡುಗೆಗಳು ಇಂಥಲ್ಲಿ ಸೋಲುತ್ತವೆ.

ಕನ್ನಡ ನಾಡಿನ ಅಕ್ಕಿ–ಬೇಳೆಯ ಅಡುಗೆಗಳು ಹೆಚ್ಚಾಗಿ ಕೂಡಿ ಬೇಯುವಂಥವು. ಬಿಸಿಬೇಳೆಬಾತಿನಲ್ಲಿ ತೊಗರಿಬೇಳೆ, ಅಕ್ಕಿ, ತರಕಾರಿ, ಹುಣಸೆ, ಪುಡಿ ಎಲ್ಲವೂ ಗುರುತು ಕಳೆದುಕೊಂಡು ಒಂದಾಗಬೇಕು. ಧನುರ್ಮಾಸದ ಹುಗ್ಗಿಯಲ್ಲಿ ಹೆಸರುಬೇಳೆ ಕರಗಬೇಕು. ಇವು ಆರಿದರೆ ಗಟ್ಟಿಯಾಗುತ್ತವೆ. ಖಾರ ಹೆಚ್ಚಾದರೆ ಇಡೀ ಪಾತ್ರೆಗೇ ಹೆಚ್ಚಾಗುತ್ತದೆ. ಕೊಶರಿಯ ನೀತಿ ಬೇರೆ. ಅದರಲ್ಲಿ ಅನ್ನ, ಮ್ಯಾಕರೋನಿ, ಕಡಲೆ, ಗೊಜ್ಜು ಒಂದೊಂದೂ ತನ್ನ ಪಾತ್ರೆಯಲ್ಲಿ ತನ್ನ ಹದಕ್ಕೆ ಬೆಂದು ಕಾದಿರುತ್ತದೆ. ಸೇರುವುದು ತಟ್ಟೆಯಲ್ಲಿ, ಅದೂ ಉಣ್ಣುವವರು ಬಂದಾಗ. ಪಾತ್ರೆ ತೊಳೆಯುವ ಕೆಲಸ ಹೆಚ್ಚು ಎಂಬುದೊಂದೇ ಇದರ ಬೆಲೆ. ಅದನ್ನು ತೆರಲು ಒಪ್ಪಿದರೆ, ಪಾಳಿಯ ಮನೆಗೆ ಇದಕ್ಕಿಂತ ಒಗ್ಗುವ ಊಟ ಕಡಿಮೆ.

ಸಾಮಾನು ತರಲು ದೊಡ್ಡ ಮಾಲಿನ ಪರದೇಶಿ ಕಪಾಟಿಗೆ ಹೋಗಬೇಕಿಲ್ಲ. ಬೀದಿ ತುದಿಯ ದಿನಸಿ ಅಂಗಡಿ ಸಾಕು. ನಾಲ್ಕು ಜನರ ಅಳತೆ ಹೀಗೆ: ಅಕ್ಕಿ ಒಂದು ಲೋಟ, ಇಡೀ ಮಸೂರು ಮುಕ್ಕಾಲು ಲೋಟ, ಕಾಬೂಲಿ ಕಡಲೆ ಅರ್ಧ ಲೋಟ, ಮ್ಯಾಕರೋನಿ ಒಂದು ಲೋಟ, ಮುರಿದ ಸಣ್ಣ ಶಾವಿಗೆ ಕಾಲು ಲೋಟ, ಈರುಳ್ಳಿ ಅರ್ಧ ಕಿಲೋ, ಟೊಮೇಟೊ 600 ಗ್ರಾಂ, ಎರಡು ಗಡ್ಡೆ ಬೆಳ್ಳುಳ್ಳಿ, ಕರಿಯಲು ಒಂದು ಲೋಟ ಎಣ್ಣೆ, ಬಿಳಿ ವಿನೆಗರ್, ಒಂದು ನಿಂಬೆಹಣ್ಣು, ಜೀರಿಗೆ ಪುಡಿ, ದನಿಯಾ ಪುಡಿ, ಅಚ್ಚಖಾರದ ಪುಡಿ, ಎರಡು ಚಮಚ ಕಾರ್ನ್‌ಫ್ಲೋರ್ ಅಥವಾ ಅಕ್ಕಿಹಿಟ್ಟು, ಉಪ್ಪು.

ಮಸೂರಿನ ಆಯ್ಕೆಯಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಮಸೂರು ಎಂದರೆ ಹೆಚ್ಚಿನ ಸಲ ಕೇಸರಿ ಬಣ್ಣದ ಚನ್ನಂಗಿ ಬೇಳೆ ಕೊಡುತ್ತಾರೆ. ಅದು ಸಿಪ್ಪೆ ಕಳೆದ ಬೇಳೆಯಾದ್ದರಿಂದ ಹತ್ತು ಹದಿನೈದು ನಿಮಿಷದಲ್ಲಿ ಕರಗಿ, ಕೊಶರಿಯಾಗಬೇಕಾದದ್ದು ಪೊಂಗಲ್ ಆಗುತ್ತದೆ. ಬೇಕಾದದ್ದು ಸಿಪ್ಪೆಯಿರುವ ಕಂದು ಬಣ್ಣದ ಇಡೀ ಕಾಳು. ಅಕ್ಕಿಯಲ್ಲಿ ಬಾಸುಮತಿಯ ಗೋಜು ಬೇಡ. ನೈಲ್ ಮುಖಜಭೂಮಿಯಲ್ಲಿ ಬೆಳೆಯುವ ಅಕ್ಕಿ ಗಿಡ್ಡ ಕಾಳಿನದು. ಸೋನಾ ಮಸೂರಿ ಅದಕ್ಕಿಂತ ಸಣ್ಣಗೆ, ತುಸು ಉದುರಾಗಿದ್ದರೂ ಈ ಊಟಕ್ಕೆ ಚೆನ್ನಾಗಿ ಒದಗುತ್ತದೆ. ವರ್ಷ ತುಂಬಿದ ಹಳೆ ಅಕ್ಕಿಯಾದರೆ ಅನ್ನ ಅಂಟುವುದಿಲ್ಲ. ಮ್ಯಾಕರೋನಿ ಕೊಳ್ಳುವಾಗ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದುವುದು ಒಳ್ಳೆಯದು. ಬರೀ ಮೈದಾದಿಂದ ಮಾಡಿದ್ದು ಬೇಗ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ್ದು ಗಟ್ಟಿಯಾಗಿ ನಿಲ್ಲುತ್ತದೆ. ಶಾವಿಗೆಗೆ ಪಾಯಸದ ಸಣ್ಣ ಶಾವಿಗೆಯೇ ಆದೀತು.

ಈರುಳ್ಳಿ, ಟೊಮೇಟೊಗಳ ವಿಷಯದಲ್ಲಿ ಈ ಪ್ರದೇಶ ಅದೃಷ್ಟವಂತ. ಪೀಣ್ಯದ ಮಗ್ಗುಲಲ್ಲೇ ಯಶವಂತಪುರದ ಎಪಿಎಂಸಿ ಮಾರುಕಟ್ಟೆ ಇದೆ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ವ್ಯಾಪಾರಕ್ಕೆ ಅದು ದಶಕಗಳಿಂದ ಹೆಸರಾದ ಜಾಗ. ಕರಿಯುವುದಕ್ಕೆ ಚೆನ್ನಾಗಿ ಒಣಗಿದ, ಸಿಪ್ಪೆ ಚರಚರ ಎನ್ನುವ ದಪ್ಪ ಈರುಳ್ಳಿ ಬೇಕು. ಮಳೆಗಾಲದ ಬೆಳೆ ಹೊಸದಾಗಿ ಬಂದಾಗ ಅದರಲ್ಲಿ ನೀರು ಹೆಚ್ಚು. ಎಷ್ಟು ಕರಿದರೂ ಗರಿ ಹಿಡಿಯುವುದು ಕಷ್ಟ. ಬೆಂಗಳೂರಿನ ಸುತ್ತ ಬೆಳೆಯುವ, ಭೌಗೋಳಿಕ ಸೂಚಿ ಪಡೆದ ಗುಲಾಬಿ ಈರುಳ್ಳಿ ತೀರಾ ಚಿಕ್ಕದು, ಹೆಚ್ಚುವಷ್ಟರಲ್ಲಿ ಸಾಕಾಗುತ್ತದೆ. ಅದನ್ನು ಸಾಂಬಾರಿಗೆ ಇಟ್ಟುಕೊಳ್ಳುವುದೇ ಲೇಸು. ಟೊಮೇಟೊ ಕೋಲಾರದ ಕಡೆಯಿಂದ ಬರುತ್ತದೆ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು, ವೈಟ್‌ಫೀಲ್ಡಿಗೆ ಹೊಸಕೋಟೆ ದಾಟಿದರೆ ಅದೇ ದಾರಿ. ಸಿಕ್ಕರೆ ಹುಳಿ ಮತ್ತು ರಸ ಹೆಚ್ಚಿರುವ ನಾಟಿ ಹಣ್ಣು ತರಬೇಕು. ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣಾದರೆ ವಿನೆಗರನ್ನು ಒಂದು ಚಮಚ ಹೆಚ್ಚಿಸಿದರಾಯಿತು.

ಕಾಳು ಬೇಯಿಸುವುದರಲ್ಲಿ ಹೊರವಲಯದ ಅಡುಗೆಮನೆಗೆ ಎರಡು ಅಡಚಣೆಗಳಿವೆ. ಮೊದಲನೆಯದು ಎತ್ತರ. ಕೈರೋ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ. ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡನೆಯದು ನೀರು. ವೈಟ್‌ಫೀಲ್ಡ್, ಮಹದೇವಪುರದ ಕಡೆಯ ಅನೇಕ ಬಡಾವಣೆಗಳು ವರ್ಷಗಳ ಕಾಲ ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿದ್ದವು. 2024ರ ಬೇಸಿಗೆಯ ನೀರಿನ ಬರ ಅಲ್ಲಿ ಮರೆಯುವಂಥದ್ದಲ್ಲ. ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ ಅದೇ ವರ್ಷದ ಅಕ್ಟೋಬರಿನಲ್ಲಿ ಚಾಲನೆಗೆ ಬಂತಾದರೂ ಬೋರ್‌ವೆಲ್ ನೀರಿನ ಬಳಕೆ ನಿಂತಿಲ್ಲ. ಆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನಷ್ಟು ಬಿಗಿಯಾಗಿಸುತ್ತವೆ. ಬಾಯ್ಲರಿನಲ್ಲಿ ಬಿಳಿ ಪದರ ಕಟ್ಟಿಸುವ ನೀರಿನಲ್ಲಿ ಕಾಬೂಲಿ ಕಡಲೆ ಎಷ್ಟು ವಿಸಿಲ್ ಕೂಗಿಸಿದರೂ ಕಚ್ಚಿದರೆ ಕಟಕ್ಕೆನ್ನುವುದು ಇದರಿಂದ. ಕಡಲೆ ನೆನೆಸಲು, ಬೇಯಿಸಲು ಮಾತ್ರ ಕುಡಿಯುವ ಕ್ಯಾನ್ ನೀರನ್ನೋ ಫಿಲ್ಟರ್ ನೀರನ್ನೋ ಬಳಸುವುದು, ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕುವುದು ಇದಕ್ಕೆ ಮದ್ದು. ಚಿಟಿಕೆ ಅಡುಗೆ ಸೋಡವೂ ಕೆಲಸ ಮಾಡುತ್ತದೆ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಅಡುಗೆ ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ಕಾಬೂಲಿ ಕಡಲೆಯನ್ನು ಎಂಟರಿಂದ ಹತ್ತು ಗಂಟೆ ನೆನೆಸಿಟ್ಟು, ಮರುದಿನ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ ಹಾಕಿ ಐದಾರು ವಿಸಿಲ್ ಕೂಗಿಸಬೇಕು. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಏರುವುದರಿಂದ ಬೆಂಗಳೂರಿನ ಎತ್ತರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೆರಳಲ್ಲಿ ಒತ್ತಿದರೆ ಮಣಿಯಬೇಕು, ಆದರೆ ಒಡೆದಿರಬಾರದು. ಬೆಂದ ನೀರನ್ನು ಎಸೆಯದೆ ತೆಗೆದಿಟ್ಟರೆ ಗೊಜ್ಜಿಗೆ ಬರುತ್ತದೆ.

ಕುಕ್ಕರ್ ಒಂದು ಒಲೆಯ ಮೇಲಿರುವಾಗ ಇನ್ನೊಂದರ ಮೇಲೆ ಈರುಳ್ಳಿಯ ಕೆಲಸ. ಕೊಶರಿಯ ಅರ್ಧ ರುಚಿ ಇಲ್ಲಿಯೇ ನಿರ್ಧಾರವಾಗುತ್ತದೆ. ಈರುಳ್ಳಿಯನ್ನು ಒಂದೇ ದಪ್ಪಕ್ಕೆ, ತೆಳುವಾಗಿ, ಉದ್ದುದ್ದ ಹೆಚ್ಚಬೇಕು. ದಪ್ಪ ಏರುಪೇರಾದರೆ ಕೆಲವು ಸೀಯುವಾಗ ಕೆಲವು ಹಸಿಯಾಗಿರುತ್ತವೆ. ಅರ್ಧ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟರೆ ನೀರು ಬಿಡುತ್ತದೆ. ಅದನ್ನು ಹಿಂಡಿ, ಬಟ್ಟೆಯಲ್ಲಿ ಒತ್ತಿ, ಎರಡು ಚಮಚ ಕಾರ್ನ್‌ಫ್ಲೋರ್ ಅಥವಾ ಅಕ್ಕಿಹಿಟ್ಟು ಉದುರಿಸಿ ಬಿಡಿಬಿಡಿಯಾಗಿಸಬೇಕು. ಮಧ್ಯಮ ಉರಿಯಲ್ಲಿ ಕಾದ ಎಣ್ಣೆಗೆ ಹಿಡಿಹಿಡಿಯಾಗಿ ಹಾಕಿ ಕರಿಯುವುದು. ಒಮ್ಮೆಗೇ ಎಲ್ಲ ಸುರಿದರೆ ಎಣ್ಣೆ ತಣ್ಣಗಾಗಿ ಈರುಳ್ಳಿ ಬೇಯುತ್ತದೆಯೇ ಹೊರತು ಕರಿಯುವುದಿಲ್ಲ. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲವೆನ್ನಿಸುತ್ತದೆ. ನೀರೆಲ್ಲ ಹೋದ ಮೇಲೆ ಈರುಳ್ಳಿಯ ಸಕ್ಕರೆ ಕಂದಾಗಲು ತೊಡಗಿದರೆ ಮಾತ್ರ ಕಣ್ಣು ತೆಗೆಯುವಂತಿಲ್ಲ. ಜೇನಿನ ಬಣ್ಣ ಬಂದ ಕೂಡಲೇ ಜಾಲರಿ ಸೌಟಿನಲ್ಲಿ ತೆಗೆದು ಕಾಗದದ ಮೇಲೆ ಹರಡಬೇಕು. ಒಳಗಿನ ಬಿಸಿಗೆ ಅದು ಇನ್ನೂ ಒಂದು ಬಣ್ಣ ಗಾಢವಾಗುತ್ತದೆ. ಬಾಣಲೆಯಲ್ಲೇ ಗಾಢವಾಗಲು ಬಿಟ್ಟರೆ ತಟ್ಟೆಗೆ ಬರುವಷ್ಟರಲ್ಲಿ ಕಹಿ. ಉಳಿದ ಎಣ್ಣೆಯನ್ನು ಸೋಸಿ ಇಟ್ಟುಕೊಳ್ಳುವುದು ಕಡ್ಡಾಯ. ಈರುಳ್ಳಿಯ ಘಮವೆಲ್ಲ ಅದರಲ್ಲಿದೆ. ಮುಂದಿನ ಎಲ್ಲ ಹಂತಕ್ಕೂ ಅದೇ ಎಣ್ಣೆ.

ಮುಂದೆ ಅನ್ನ. ಮಸೂರನ್ನು ತೊಳೆದು, ಧಾರಾಳ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ, ಅರ್ಧ ಬೆಂದಾಗ ಬಸಿಯಬೇಕು. ಸಿಪ್ಪೆಯ ಕಪ್ಪು ನೀರು ಹೋಗುವುದರಿಂದ ಅನ್ನದ ಬಣ್ಣ ಮಂಕಾಗುವುದಿಲ್ಲ. ದಪ್ಪ ತಳದ ಪಾತ್ರೆಗೆ ಈರುಳ್ಳಿ ಎಣ್ಣೆ ಮೂರು ಚಮಚ ಹಾಕಿ ಶಾವಿಗೆಯನ್ನು ಕಂದು ಬಣ್ಣಕ್ಕೆ ಹುರಿದು, ತೊಳೆದು ಬಸಿದ ಅಕ್ಕಿ ಸೇರಿಸಿ ಎರಡು ನಿಮಿಷ ಕೈಯಾಡಿಸಬೇಕು. ಅದರ ಮೇಲೆ ಮಸೂರು, ಒಂದು ಚಮಚ ಜೀರಿಗೆ ಪುಡಿ, ಉಪ್ಪು, ಎರಡೂಕಾಲು ಲೋಟ ಬಿಸಿನೀರು. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಬೇಯಿಸಿ, ಒಲೆ ಆರಿಸಿ ಇನ್ನೂ ಹತ್ತು ನಿಮಿಷ ಮುಚ್ಚಿಯೇ ಬಿಡಬೇಕು. ಇದನ್ನು ಕುಕ್ಕರಿನಲ್ಲಿ ಕೂಗಿಸುವ ಆಸೆ ಸಹಜ. ಒಂದು ವಿಸಿಲ್ ಹೆಚ್ಚಾದರೂ ಮಸೂರು ಒಡೆದು ಮುದ್ದೆ ಕಟ್ಟುತ್ತದೆ.

ಗೊಜ್ಜನ್ನು ಬೇರೆಯೇ ಕುದಿಸುವುದಕ್ಕೆ ರುಚಿಯ ಹೊರತಾಗಿ ಇನ್ನೊಂದು ಕಾರಣವೂ ಇದೆ. ಹುಳಿ ಬಿದ್ದರೆ ಬೇಳೆ ಬೇಯದು ಎಂಬುದು ಬಿಸಿಬೇಳೆಬಾತು ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕೇ ಹುಣಸೆರಸ ಬೇಳೆ ಬೆಂದ ಮೇಲೆ ಬೀಳುತ್ತದೆ. ಆಮ್ಲವೂ ಗಡಸು ನೀರಿನಂತೆಯೇ ಕಾಳಿನ ಬಿಗಿ ಸಡಿಲಾಗದಂತೆ ತಡೆಯುತ್ತದೆ. ಟೊಮೇಟೊವನ್ನು ಹಸಿಯಾಗಿ ರುಬ್ಬಿ ಸೋಸಿಕೊಳ್ಳಬೇಕು. ಎರಡು ಚಮಚ ಈರುಳ್ಳಿ ಎಣ್ಣೆಯಲ್ಲಿ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿಯನ್ನು ಬಾಡಿಸಿ, ಕೆಂಪಾಗುವ ಮೊದಲೇ ಒಂದು ಚಮಚ ದನಿಯಾ ಪುಡಿ, ಅರ್ಧ ಚಮಚ ಜೀರಿಗೆ ಪುಡಿ, ಒಂದು ಚಮಚ ಖಾರದ ಪುಡಿ ಹಾಕಿ ಕೂಡಲೇ ಟೊಮೇಟೊ ರಸ ಸುರಿಯಬೇಕು. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿದು ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಕಡಲೆ ಬೆಂದ ನೀರು ಅರ್ಧ ಲೋಟ, ಉಪ್ಪು, ಎರಡು ಚಮಚ ವಿನೆಗರ್ ಸೇರಿಸಿ ಮತ್ತೊಂದು ಕುದಿ ಕುದಿಸಿ ಇಳಿಸುವುದು. ಇದು ಸಾರಿಗಿಂತ ಗಟ್ಟಿ, ಚಟ್ನಿಗಿಂತ ತೆಳು. ಅಭ್ಯಾಸಬಲದಿಂದ ಕರಿಬೇವು, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ನಮ್ಮೂರಿನ ಟೊಮೇಟೊ ಗೊಜ್ಜೇ ಆಗಿಬಿಡುತ್ತದೆ. ಕೊಶರಿಯ ಗುರುತಿರುವುದು ಬೆಳ್ಳುಳ್ಳಿ, ದನಿಯಾ, ವಿನೆಗರ್ ಈ ಮೂರರಲ್ಲಿ.

ಗೊಜ್ಜು ಕುದಿಯುವಾಗ ಪಕ್ಕದ ಒಲೆಯಲ್ಲಿ ಮ್ಯಾಕರೋನಿ. ಉಪ್ಪು ಹಾಕಿದ ಕುದಿಯುವ ನೀರಿಗೆ ಸುರಿದು, ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಬೇಯಿಸಿ, ಬಸಿದು, ಒಂದು ಚಮಚ ಈರುಳ್ಳಿ ಎಣ್ಣೆ ಸವರಿಟ್ಟರೆ ಅಂಟುವುದಿಲ್ಲ. ಎರಡೇ ಒಲೆಯಿರುವ ಬಾಡಿಗೆ ಮನೆಯಲ್ಲೂ ಹೀಗೆ ಜೋಡಿಸಿಕೊಂಡರೆ ಕಡಲೆ–ಈರುಳ್ಳಿ, ಅನ್ನ, ಗೊಜ್ಜು–ಮ್ಯಾಕರೋನಿ ಎಂಬ ಮೂರು ಸುತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಒಟ್ಟು ಸಮಯ ಒಂದೂವರೆ ಗಂಟೆಯ ಆಸುಪಾಸು.

ದಕ್ಕಾಕ್ಕೆ ಒಲೆಯೇ ಬೇಕಿಲ್ಲ. ಆರೆಂಟು ಎಸಳು ಬೆಳ್ಳುಳ್ಳಿಯನ್ನು ಉಪ್ಪಿನ ಜೊತೆ ಕುಟ್ಟಾಣಿಯಲ್ಲಿ ನುಣ್ಣಗೆ ಜಜ್ಜಿ, ಒಂದು ಚಮಚ ಜೀರಿಗೆ ಪುಡಿ, ಅರ್ಧ ಚಮಚ ದನಿಯಾ ಪುಡಿ, ನಾಲ್ಕು ದೊಡ್ಡ ಚಮಚ ವಿನೆಗರ್, ಅರ್ಧ ಹೋಳು ನಿಂಬೆರಸ, ಅರ್ಧ ಲೋಟ ನೀರು ಬೆರೆಸಿದರೆ ಮುಗಿಯಿತು. ಅರ್ಧ ಗಂಟೆ ನಿಂತರೆ ಹಸಿ ಬೆಳ್ಳುಳ್ಳಿಯ ಉಗ್ರತೆ ತಗ್ಗುತ್ತದೆ. ಶತ್ತಾಕ್ಕೆ ಎರಡು ಚಮಚ ಖಾರದ ಪುಡಿಯ ಮೇಲೆ ಮೂರು ಚಮಚ ಬಿಸಿ ಈರುಳ್ಳಿ ಎಣ್ಣೆ ಸುರಿದು, ಒಂದು ಸೌಟು ಟೊಮೇಟೊ ಗೊಜ್ಜು ಕಲಸಬೇಕು. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಕೊಡುವ ಬಣ್ಣ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಬರೀ ಬ್ಯಾಡಗಿಯಾದರೆ ಖಾರ ಸಾಲದೆನ್ನುವವರು ಗುಂಟೂರನ್ನು ಬೆರೆಸಿಕೊಳ್ಳಬಹುದು.

ಬಡಿಸುವ ಕ್ರಮಕ್ಕೆ ಅರ್ಥವಿದೆ. ತಳದಲ್ಲಿ ಮಸೂರಿನ ಅನ್ನ, ಮೇಲೆ ಮ್ಯಾಕರೋನಿ, ಅದರ ಮೇಲೆ ಎರಡು ಸೌಟು ಗೊಜ್ಜು, ನಂತರ ಕಡಲೆ, ಎಲ್ಲಕ್ಕೂ ಮೇಲೆ ಈರುಳ್ಳಿ. ಗೊಜ್ಜು ಕೆಳಕ್ಕಿಳಿದು ಅನ್ನವನ್ನು ನೆನೆಸುತ್ತದೆ; ಈರುಳ್ಳಿ ಗೊಜ್ಜಿಗೆ ಸಿಗದೆ ಗರಿಯಾಗಿ ಉಳಿಯುತ್ತದೆ. ದಕ್ಕಾ, ಶತ್ತಾ ಉಣ್ಣುವವರ ಕೈಗೆ. ಮಕ್ಕಳ ತಟ್ಟೆಗೆ ಶತ್ತಾ ಬೇಡವೇ ಬೇಡ. ರಾಯಚೂರಿನವರಿಗೆ ಎರಡು ಚಮಚ. ಸಕ್ಕರೆ ಕಾಯಿಲೆಯಿರುವವರು ಅನ್ನ, ಮ್ಯಾಕರೋನಿ ಕಡಿಮೆ ಮಾಡಿ ಕಡಲೆ ಹೆಚ್ಚು ಹಾಕಿಕೊಳ್ಳಬಹುದು. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಮಾತ್ರ ಕೊಶರಿ ಒದಗುವುದಿಲ್ಲ. ಅವೆರಡನ್ನು ತೆಗೆದರೆ ಉಳಿಯುವುದು ಬರೀ ಕಾಳಿನ ಅನ್ನ. ಪೋಷಣೆಯ ಲೆಕ್ಕದಲ್ಲಿ ಇದು ತೂಕದ ಊಟ. ಅಕ್ಕಿ, ಗೋಧಿಯಲ್ಲಿ ಕೊರತೆಯಿರುವ ಲೈಸಿನ್ ಮಸೂರು, ಕಡಲೆಗಳಲ್ಲಿದೆ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ನಿಂಬೆ, ಟೊಮೇಟೊದ ಸಿ ಜೀವಸತ್ವ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ.

ಉಳಿಸಿಡುವುದಕ್ಕೂ ನಿಯಮ ಅದೇ: ಬೇರೆಬೇರೆ ಡಬ್ಬಿ. ಅನ್ನವನ್ನು ಹೊರಗೆ ರಾತ್ರಿಯಿಡೀ ಬಿಡಬಾರದು. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮರುದಿನಕ್ಕೆ ಯೋಗ್ಯ. ನೀರು ಚಿಮುಕಿಸಿ ಹಬೆಯಲ್ಲಿ ಬಿಸಿಮಾಡಬೇಕು. ಗೊಜ್ಜು ಮತ್ತು ಕಡಲೆ ಫ್ರಿಜ್ಜಿನಲ್ಲಿ ಮೂರು ದಿನ ಕೆಡುವುದಿಲ್ಲ. ಕರಿದ ಈರುಳ್ಳಿಯನ್ನು ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡುವುದು. ಫ್ರಿಜ್ಜಿನ ತೇವಕ್ಕೆ ಅದು ಮೆತ್ತಗಾಗುತ್ತದೆ. ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಡಬ್ಬಿಯಲ್ಲಿ ಕೆಳಗಿನ ಅಂತಸ್ತಿಗೆ ಅನ್ನ–ಮ್ಯಾಕರೋನಿ, ನಡುವೆ ಗೊಜ್ಜು–ಕಡಲೆ, ಮೇಲೆ ಈರುಳ್ಳಿ ಮತ್ತು ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ದಕ್ಕಾ. ಮೂರಂತಸ್ತಿನ ಸ್ಟೀಲ್ ಕ್ಯಾರಿಯರ್ ಇದಕ್ಕೆ ಸರಿಯಾದ ಅಳತೆ.